ಬೆಂಗಳೂರಿಗೆ ಮನೆ ನೋಡಲು ಹೋದದ್ದು

ಭಾನುವಾರ ಬೆಳಗ್ಗೆ ಐದೂವರೆಗೆ ಬಿಳಿಕೆರೆಯ ರಸ್ತೆಬದಿಯಲ್ಲಿ ನಿಂತು, ಹುಣಸೂರು ಕಡೆಯಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿದೆವು. ನಾವು ಮೂವರು: ನಾನು, ನನ್ನ ತಂಗಿ ರೂಪ, ನಮ್ಮಪ್ಪನ ಅಕ್ಕ ಪುಟ್ಟಗೌರಮ್ಮ. ಹೆಂಗಸರಿಗೆ ಕೆಂಪು ಬಸ್ಸಿನಲ್ಲಿ ದುಡ್ಡಿಲ್ಲ. ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದು ಕೂತೆವು. ಮೋಡ ಮುಸುಕಿತ್ತು, ಮಳೆ ಇರಲಿಲ್ಲ. ರಸ್ತೆಯ ಎರಡೂ ಕಡೆ ಹೊಗೆಸೊಪ್ಪು ಬೇಯಿಸುವ ಮನೆಗಳಿಂದ ಹೊಗೆ ಏಳುತ್ತಿತ್ತು. ಅಪ್ಪನೂ ಹಿಂದಿನ ದಿನವಷ್ಟೇ ಒಲೆಗೆ ಬೆಂಕಿ ಹಾಕಿದ್ದರು. ಸೊಪ್ಪು ಒಣಗುವವರೆಗೆ ಶಾಖ ಕಾಯಬೇಕು, ಬಿಟ್ಟು ಬರುವಂತಿಲ್ಲ. ಅದಕ್ಕೇ ಅತ್ತೆಯನ್ನು ಕಳಿಸಿದ್ದು.

ಹೊರಗಿನವರಿಗೆ ಇದು ಒಂದು ದಿನದ ಬೆಂಗಳೂರು ಪ್ರವಾಸ. ನಮ್ಮ ಮನೆಯವರಿಗೆ ಹಾಗಲ್ಲ. ರೂಪ ಹುಣಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಿತ್ತು. ಬುಧವಾರದೊಳಗೆ ಸೇರಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ. ಅಪ್ಪ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. "ಗೊತ್ತಿಲ್ಲದ ಊರು ಕಣವ್ವ. ಅಕ್ಕ ಹೋಗಿ ನೋಡ್ಕಂಡ್ ಬರ್ಲಿ. ಅವ್ಳು ಹೂಂ ಅಂದ್ರೆ ಹೂಂ" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಅತ್ತೆಗೆ ಈ ಕೆಲಸ ಯಾಕೆ ಬಂತು ಎಂದು ಹೇಳಬೇಕು. ಅವರನ್ನು ಕೊಟ್ಟಿರುವುದು ಕೃಷ್ಣರಾಜನಗರದ ಕಡೆ, ಕಾವೇರಿ ದಡದ ಒಂದು ಹಳ್ಳಿಗೆ. ನಮ್ಮ ನೆಂಟರಿಷ್ಟರಲ್ಲಿ ಯಾವ ಹೆಣ್ಣಿಗೆ ಗಂಡು ಗೊತ್ತಾದರೂ ಗಂಡಿನ ಮನೆ ನೋಡಿಕೊಂಡು ಬರಲು ಮೊದಲು ಕರೆಯುವುದು ಅವರನ್ನೇ. ಮುಂಚೆ ತಿಳಿಸದೆ ಹೋಗುತ್ತಾರೆ. ಜಗಲಿ ನೋಡುವುದಿಲ್ಲ, ಹಿತ್ತಲಿಗೆ ಹೋಗುತ್ತಾರೆ. ನೀರು ಕೇಳಿ, ಯಾರು ತಂದುಕೊಡುತ್ತಾರೆ, ಹೇಗೆ ಕೊಡುತ್ತಾರೆ ಎಂದು ನೋಡುತ್ತಾರೆ. ಗಂಡನ್ನು ಹೆಚ್ಚು ವಿಚಾರಿಸುವುದಿಲ್ಲ, ಆ ಮನೆಗೆ ಈಗಾಗಲೇ ಬಂದಿರುವ ಸೊಸೆಯರ ಮುಖ ನೋಡುತ್ತಾರೆ. ಅವರು "ಬುಡು, ಬ್ಯಾಡ" ಅಂದ ಮನೆಗೆ ನಮ್ಮವರು ಹೆಣ್ಣು ಕೊಟ್ಟಿಲ್ಲ.

ನನ್ನ ವಿಷಯ. ನಮ್ಮ ವಂಶದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲನೆಯವಳು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಗಿನ ಜಾವ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟಿ, ಕೈಯ ಅಂಟನ್ನು ಬೂದಿ ಹಾಕಿ ಉಜ್ಜಿ, ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಹೋಗಿ ಓದಿದವಳು. ಈಗ ಕೃಷ್ಣರಾಜನಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ತರಬೇತಿಗೆಂದು ನಾಲ್ಕಾರು ಸಲ ಬೆಂಗಳೂರಿಗೆ ಹೋಗಿ ಬಂದಿದ್ದೆ. ಆ ಧೈರ್ಯದಲ್ಲಿ ಇಡೀ ದಿನ ಎಲ್ಲಿಗೆ ಹೋಗಬೇಕೆಂದು ನಾನೇ ಗೊತ್ತುಮಾಡಿದ್ದೆ. ಮೆಟ್ರೋ, ವಿಧಾನಸೌಧ, ಲಾಲ್‌ಬಾಗ್, ಕೊನೆಗೆ ರೂಪ ಇರಬೇಕಾದ ಪಿ.ಜಿ. ಇಷ್ಟು ತೋರಿಸಿದರೆ ಅತ್ತೆ ಒಪ್ಪದೆ ಎಲ್ಲಿಗೆ ಹೋಗುತ್ತಾರೆ ಅಂದುಕೊಂಡಿದ್ದೆ.

ಮೈಸೂರಿನಲ್ಲಿ ಬಸ್ಸು ಬದಲಿಸಿದೆವು. ಮದ್ದೂರಿನಲ್ಲಿ ಬಸ್ಸು ನಿಂತಾಗ ಅತ್ತೆ ಮೂವರಿಗೂ ವಡೆ ಕೊಂಡರು. "ಇದು ಮಂಡ್ಯ ಜಿಲ್ಲೆ ತಾನೆ?" ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಬಾಯಿಗಿಟ್ಟರು. ಆ ಪ್ರಶ್ನೆ ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣಕ್ಕೆ ನಡೆದೆವು.

ಮೆಟ್ರೋದಲ್ಲಿ ಹೆಂಗಸರ ಬೋಗಿ ಹತ್ತಿದೆವು. ಭಾನುವಾರವಾದರೂ ಜನ ಇದ್ದರು. ಅತ್ತೆ ಕಿಟಕಿಯ ಹೊರಗೆ ನೋಡಲೇ ಇಲ್ಲ. ಎದುರು ಸಾಲಿನ ಹುಡುಗಿಯರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಹೋದರು.

"ಇವ್ರೆಲ್ಲಾ ಮಾತು ಬುಟ್ಟವ್ರಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ಇಲ್ಲ ಅತ್ತೆ, ಫೋನ್ ನೋಡ್ತಾವ್ರೆ."

"ಒಂದೇ ಮನೇಲಿ ಕೂತಂಗೆ ಕೂತವ್ರೆ, ಒಬ್ಬರ ಮುಖ ಒಬ್ರು ನೋಡ್ತಿಲ್ವಲ್ಲ."

ರೂಪ ನನ್ನತ್ತ ನೋಡಿದಳು. ಮೊದಲ ಪರೀಕ್ಷೆಯಲ್ಲೇ ಬೆಂಗಳೂರಿಗೆ ಮಾರ್ಕ್ಸ್ ಹೋಯಿತು ಎಂದು ಅವಳ ಕಣ್ಣು ಹೇಳುತ್ತಿತ್ತು.

ವಿಧಾನಸೌಧದ ಎದುರು ಮೂವರೂ ನಿಂತೆವು. ಎಷ್ಟು ಸಲ ನೋಡಿದರೂ ಆ ಕಟ್ಟಡದ ಮುಂದೆ ನನಗೆ ಬೆನ್ನು ನೆಟ್ಟಗಾಗುತ್ತದೆ. ಒಳಗೆ ಏನೇನು ನಡೆಯುತ್ತದೆ ಎಂದು ಮಕ್ಕಳಿಗೆ ಹೇಳುವಂತೆ ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಕಲ್ಲಿನ ಕಂಬಗಳನ್ನು ತಲೆಯೆತ್ತಿ ನೋಡಿ, "ಚೆಂದಾಗದೆ. ಇದು ಮುಂಬಾಗ್ಲು. ಮುಂಬಾಗ್ಲು ಯಾರ ಮನೇದಾದ್ರೂ ಚೆಂದಾಗೇ ಇರ್ತದೆ. ಹಿತ್ಲು ತೋರ್ಸು" ಅಂದರು.

"ಹಿಂದುಗಡೆ ಇಂಥದೇ ಇನ್ನೊಂದು ಕಟ್ಟಡ ಇದೆ ಅತ್ತೆ" ಅಂದೆ.

"ಆಫೀಸಿನ ಹಿತ್ಲಲ್ಲ ಕಣೇ ಮಂಗ್ಳ, ಊರಿನ ಹಿತ್ಲು."

ರೂಪ ಆ ದಿನ ಮೊದಲ ಸಲ ನಕ್ಕಳು. ನಾನು ಸ್ವಲ್ಪ ಹೊತ್ತು ಯೋಚಿಸಿ ಕೆ.ಆರ್. ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ರೈಲಿಗೆ ಬದಲಿಸಿದರೆ ಎರಡನೆಯ ನಿಲ್ದಾಣ.

ಅಲ್ಲಿ ಮೇಲೆ ಬಂದ ಕೂಡಲೇ ಕೊಳೆತ ಸೊಪ್ಪಿನ ವಾಸನೆ, ಹೂವಿನ ವಾಸನೆ, ಬಸ್ಸಿನ ಹೊಗೆ ಎಲ್ಲಾ ಒಟ್ಟಿಗೆ ಮೂಗಿಗೆ ಬಡಿಯಿತು. ನೆಲ ಕೆಸರು. ತಲೆಯ ಮೇಲೆ ಮೂಟೆ ಹೊತ್ತವರು ದಾರಿ ಬಿಡಿ ಎಂದು ಕೂಗುತ್ತಾ ನುಗ್ಗುತ್ತಿದ್ದರು. ನಾನು ಬ್ಯಾಗನ್ನು ಎದೆಗೆ ಅವುಚಿಕೊಂಡೆ. ಅತ್ತೆ ಮಾತ್ರ ಸೀರೆಯನ್ನು ಒಂದು ಗೇಣು ಮೇಲಕ್ಕೆ ಸಿಕ್ಕಿಸಿ, ನಮ್ಮಿಬ್ಬರಿಗಿಂತ ಮುಂದೆ ನಡೆದರು. ಚೆಂಡುಹೂವಿನ ರಾಶಿ, ಬಾಳೆಗೊನೆ, ಎಲೆಯ ಕಟ್ಟು, ಎಲ್ಲದರ ಬೆಲೆ ಕೇಳಿದರು, ಯಾವುದನ್ನೂ ಕೊಳ್ಳಲಿಲ್ಲ. ಒಂದು ಮೂಲೆಯಲ್ಲಿ ಇಬ್ಬರು ಹೆಂಗಸರು ಕಸವನ್ನು ಗಾಡಿಗೆ ತುಂಬುತ್ತಿದ್ದರು. ಅತ್ತೆ ಸುಮಾರು ಹೊತ್ತು ಅದನ್ನೇ ನೋಡಿ ನಿಂತರು. "ಕೊಳೀತದೆ, ಎತ್ತೋರೂ ಅವ್ರೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಮಲ್ಲಿಗೆ ಕಟ್ಟುತ್ತಿದ್ದ ಒಬ್ಬ ಹೆಂಗಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತೆ ನೀರು ಕೇಳಿದರು. ಆಕೆ ಮುಖ ನೋಡಿ, ತನ್ನ ಬಾಟಲಿಯನ್ನೇ ಮುಚ್ಚಳ ತೆಗೆದು ಕೊಟ್ಟಳು. ಅತ್ತೆ ಎತ್ತಿ ಕುಡಿದರು.

"ಮದುವೆಗೆ ಹೂವಾ ಅಮ್ಮ? ಯಾರ್ದು ಮದುವೆ?" ಎಂದು ಆಕೆ ಕೇಳಿದಳು.

ಅತ್ತೆ ರೂಪಳ ಕಡೆ ಗದ್ದ ಎತ್ತಿ ತೋರಿಸಿದರು. "ಇವ್ಳಿಗೆ ಒಂದು ಗಂಡು ನೋಡಕ್ ಬಂದಿದೀವಿ."

"ಗಂಡು ಯಾರು?"

"ಬೆಂಗ್ಳೂರು."

ಹೂವಿನಾಕೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಓದೋಕೆ ಬರುತ್ತಿದ್ದಾಳೆ ಎಂದು ನಾನು ಬಿಡಿಸಿ ಹೇಳಿದ ಮೇಲೆ, ದಾರವನ್ನು ಹಲ್ಲಿನಿಂದ ಕಡಿದು ನಕ್ಕಳು. "ಗಂಡು ಪರ್ವಾಗಿಲ್ಲ ಅಮ್ಮ. ದುಡೀತಾನೆ. ಆದ್ರೆ ಮನೆಗೆ ಲೇಟಾಗಿ ಬರ್ತಾನೆ."

"ಕುಡೀತಾನಾ?"

"ಕುಡೀತಾನಲ್ಲ, ಕಾವೇರಿ ನೀರು. ಅದೂ ದಿನಾ ಸಿಕ್ಕಲ್ಲ ಪಾಪ."

"ಅದು ನಮ್ಮೂರ ಹೊಳೆ ನೀರು ಕಣವ್ವ. ಹಂಗಾದ್ರೆ ದೂರದ ನೆಂಟ" ಅಂದರು ಅತ್ತೆ. ಆಕೆ ಒಂದು ಮೊಳ ಮಲ್ಲಿಗೆಯನ್ನು ಅಳೆದು, ರೂಪಳ ಜಡೆಗೆ ತಾನೇ ಮುಡಿಸಿದಳು. ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ನಾನು ತೋರಿಸಿದ ವಿಧಾನಸೌಧಕ್ಕಿಂತ ಈ ಮಲ್ಲಿಗೆಗೆ ಹೆಚ್ಚು ಬೆಲೆ ಬಂತೇನೋ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹನ್ನೆರಡೂವರೆಗೆ ಬಸವನಗುಡಿಯ ಕಡೆಯ ಒಂದು ಹೋಟೆಲಿಗೆ ಹೋದೆವು. ಅಲ್ಲಿ ನಾನು ತಪ್ಪು ಮಾಡಿದೆ. ಅತ್ತೆಯನ್ನು ಕೇಳದೆ ಮೂರು ಊಟಕ್ಕೆ ಚೀಟಿ ಬರೆಸಿ, ಮೂರು ತಟ್ಟೆ ತಂದಿಟ್ಟೆ. ಪೂರಿ, ಸಾಗು, ಅನ್ನ, ತಿಳಿಸಾರು, ಹಪ್ಪಳ. ಅತ್ತೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಚೆನ್ನಾಗಿರುತ್ತೆ ಅತ್ತೆ, ಹೋಟ್ಲು ಕ್ಲೀನಾಗಿದೆ" ಅಂದೆ.

"ಹೋಟ್ಲು ಸರಿಯಾಗೇ ಅದೆ. ನಂಗೆ ಒಂದು ಕಾಪಿ ಸಾಕು."

ಆಗ ನನ್ನ ತಲೆಗೆ ಹೋಯಿತು. ಹೆಣ್ಣು ಕೊಡಲು ಮನೆ ನೋಡಲು ಹೋದವರು ಮಾತು ಗಟ್ಟಿಯಾಗುವ ಮೊದಲು ಆ ಮನೆಯಲ್ಲಿ ಊಟ ಮಾಡುವಂತಿಲ್ಲ. ನೀರು ಕುಡಿಯಬಹುದು, ಕಾಫಿ ಕುಡಿಯಬಹುದು. ಅನ್ನ ಉಂಡರೆ ಒಪ್ಪಿದ ಹಾಗೆ. ಉಂಡ ಬಾಯಿಯಲ್ಲಿ ಬೇಡ ಅನ್ನಲು ಆಗುವುದಿಲ್ಲ. ಮದ್ದೂರಿನಲ್ಲಿ ಜಿಲ್ಲೆ ಕೇಳಿದ್ದು ಅದಕ್ಕೆ. ಪದ್ಧತಿ ಗೊತ್ತಿದ್ದೂ, ಅದು ಒಂದು ಇಡೀ ಊರಿಗೆ ಅನ್ವಯಿಸುತ್ತದೆಂದು ನನಗೆ ಹೊಳೆದಿರಲಿಲ್ಲ.

ರೂಪ ಆಗಲೇ ಅನ್ನ ಕಲೆಸಿದ್ದಳು. ಕೈ ಹಾಗೇ ನಿಂತಿತು. "ಅತ್ತೆ, ನಾನು ಉಣ್ಲಾ, ಬ್ಯಾಡ್ವಾ?"

"ನೀನು ಉಣ್ಣು ಮಗ. ಹೆಣ್ಣಿಗೆ ಈ ಕಟ್ಲೆ ಇಲ್ಲ." ಅತ್ತೆ ಮತ್ತೆ ಹೇಳಿದರು: "ಅದೆಯೋ ಇಲ್ವೋ, ನಂಗೂ ಗೊತ್ತಿಲ್ಲ. ಮನೆ ನೋಡಕ್ ಹೋಗುವಾಗ ಹೆಣ್ಣು ಯಾವತ್ತೂ ಜೊತೇಲಿ ಬಂದೇ ಇಲ್ಲ."

ಮೂರನೆಯ ತಟ್ಟೆಯನ್ನು ನಾನೂ ರೂಪಳೂ ಹಂಚಿಕೊಂಡು ಮುಗಿಸಿದೆವು. ತಟ್ಟೆಯಲ್ಲಿ ಅನ್ನ ಬಿಡುವುದು ನಮ್ಮ ಮನೆಯಲ್ಲಿ ಇಲ್ಲ. ಹೊಟ್ಟೆ ಭಾರವಾಯಿತು, ಮನಸ್ಸೂ ಭಾರವಾಯಿತು.

ಲಾಲ್‌ಬಾಗಿನಲ್ಲಿ ಟಿಕೆಟ್ ತೆಗೆದುಕೊಂಡು, ಕೆರೆಯ ದಡದಲ್ಲಿ ನಡೆದು, ಹಳೆಯ ಬಂಡೆಯ ಮೇಲೆ ಹತ್ತಿ ಕೂತೆವು. ತಣ್ಣಗೆ ಗಾಳಿ ಬೀಸುತ್ತಿತ್ತು. ಕೆಳಗೆ ಮರಗಳು, ಮರಗಳಾಚೆ ನಾಲ್ಕೂ ದಿಕ್ಕಿಗೆ ಕಟ್ಟಡಗಳು. ಬೆಂಗಳೂರು ಎಷ್ಟು ದೊಡ್ಡದು ಎಂದು ಅಲ್ಲಿ ಕೂತರೇ ತಿಳಿಯುವುದು. ಅತ್ತೆ ಚೀಲದಿಂದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತೆಗೆದರು. ಬೆಳಗ್ಗೆ ಮನೆಯಲ್ಲಿ ಕಟ್ಟಿಕೊಂಡದ್ದು. ಅವರು ನಿಧಾನವಾಗಿ ತಿನ್ನುವುದನ್ನು ನೋಡುತ್ತಾ ನನಗೆ ಸಿಟ್ಟು ಬಂತು.

"ಇವಳಿಗೆ ಸೀಟು ಬಂದಿರೋದು ಮಾರ್ಕ್ಸ್ ನೋಡಿ. ಮದುವೆ ಮಾಡ್ತಿಲ್ಲ, ಓದೋಕೆ ಕಳಿಸ್ತಿದೀವಿ. ಊರಿನ ಹಿತ್ತಲು ಕಟ್ಟಿಕೊಂಡು ಏನಾಗಬೇಕು?" ಅಂದೆ.

ಅತ್ತೆ ಬಾಯಲ್ಲಿದ್ದದ್ದನ್ನು ನುಂಗಿದರು. "ನೀನು ಕಾಲೇಜಿಗೆ ಸೇರ್ದಾಗ, ಆ ಕಾಲೇಜು ಎಂಗದೆ ಅಂತ ನಮ್ಮನೆಯೋರು ಯಾರಾದ್ರೂ ಬಂದು ನೋಡಿದ್ರಾ?"

"ಇಲ್ಲ. ಯಾರೂ ಬರಲಿಲ್ಲ."

"ಡಿಗ್ರಿ ಕೊಡೋ ದಿನ?"

"ಅವತ್ತೂ ಇಲ್ಲ."

"ಅದ್ಕೇ ನಿಂಗೆ ಸಿಟ್ಟು" ಅಂದು ಉಳಿದ ಅರ್ಧ ರೊಟ್ಟಿಯನ್ನು ನನ್ನ ಕೈಗಿಟ್ಟರು. ಹೊಟ್ಟೆ ತುಂಬಿದ್ದರೂ ತಿಂದೆ. ರೂಪ ಮೊಣಕಾಲಿಗೆ ಗದ್ದವೂರಿ ದೂರದ ಕಟ್ಟಡಗಳನ್ನು ನೋಡುತ್ತಿದ್ದಳು. ಬೆಳಗಿನಿಂದ ಅವಳು ಆಡಿದ ಮಾತು ಒಂದು ಹಿಡಿಯಷ್ಟೂ ಇರಲಿಲ್ಲ. ಅದನ್ನು ನಾನು ಆಗ ಗಮನಿಸಲಿಲ್ಲ. ನಾನು ಅತ್ತೆಯನ್ನು ಒಪ್ಪಿಸುವುದರಲ್ಲಿ ಮುಳುಗಿದ್ದೆ.

ಮೂರು ಗಂಟೆಗೆ ಜಯನಗರದ ಒಂದು ಅಡ್ಡರಸ್ತೆಯ ಪಿ.ಜಿ.ಗೆ ಹೋದೆವು. ಮೂರು ಅಂತಸ್ತಿನ ಮನೆ, ಕಾಲೇಜಿಗೆ ನಡೆದು ಹೋಗುವ ದೂರ. ನಡೆಸುವಾಕೆ ನಮ್ಮನ್ನು ಸೋಫಾದಲ್ಲಿ ಕೂರಿಸಿ, ಬಾಗಿಲಿಗೆ ಕ್ಯಾಮೆರಾ ಇದೆ, ಬಿಸಿನೀರಿದೆ, ರಾತ್ರಿ ಒಂಬತ್ತಕ್ಕೆ ಗೇಟು ಹಾಕುತ್ತೇವೆ ಎಂದು ಒಂದೇ ಉಸಿರಿಗೆ ಹೇಳಿದರು. ಸಭ್ಯ ಹೆಂಗಸು. ನನಗೆ ಎಲ್ಲವೂ ಸರಿ ಅನ್ನಿಸಿತು. ಅತ್ತೆ ತಲೆಯಾಡಿಸುತ್ತಾ ಕೇಳಿ, "ಬಟ್ಟೆ ಎಲ್ಲಿ ಒಣಗಾಕ್ತಾರೆ?" ಎಂದು ಕೇಳಿದರು.

"ಮೇಲೆ, ಟೆರೇಸಲ್ಲಿ."

ಅತ್ತೆ ಎದ್ದೇಬಿಟ್ಟರು. ಈ ಮನೆಗೆ ಹಿತ್ತಲು ಟೆರೇಸು ಎಂದು ನನಗೂ ಈಗ ಅರ್ಥವಾಗಿತ್ತು.

ಮೇಲೆ ಇಬ್ಬರು ಹುಡುಗಿಯರು ಹಗ್ಗಕ್ಕೆ ಬೆಡ್‌ಶೀಟ್ ಹಾಕುತ್ತಿದ್ದರು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಒಬ್ಬಳು ತಿರುಗಿ, "ಯಾವೂರು ನಿಮ್ದು?" ಎಂದು ಕೇಳಿದಳು. ಅವಳ ಹೆಸರು ಪವಿತ್ರ, ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ನವಳು. ಇನ್ನೊಬ್ಬಳು ಶಾಹೀನಾ, ಪಿರಿಯಾಪಟ್ಟಣದವಳು, ತಂದೆ ಅಲ್ಲಿ ಹಾಸಿಗೆ ಹೊಲಿಯುವವರು. ಇಬ್ಬರದೂ ಒಂದೇ ರೂಮು, ಎರಡನೆಯ ವರ್ಷ.

"ಊಟ ಎಂಗೆ?" ಅತ್ತೆ ಕೇಳಿದರು.

"ಬುಡಿ ಅತ್ತೆ, ಸಾರು ಅಂದ್ರೆ ಬಣ್ಣದ ನೀರು" ಅಂದಳು ಪವಿತ್ರ. "ಭಾನುವಾರ ಒಂದಿನ ಚೆನ್ನಾಗಿರ್ತದೆ."

"ಮುದ್ದೆ?"

"ನಾನು ಮಾಡ್ತೀನಿ ಅಂತಾಳೆ ಇವಳು. ಮಾಡಿದ್ದನ್ನ ಗೋಡೆಗೆ ಹೊಡೆದ್ರೆ ಗೋಡೆ ಬೀಳುತ್ತೆ" ಅಂದಳು ಶಾಹೀನಾ.

"ನಿಮ್ಮಪ್ಪ ಹೊಲ್ದ ದಿಂಬಿಗಿಂತ ಮೆತ್ತಗೇ ಇರ್ತದೆ ಕಣೇ."

ಅತ್ತೆ ನಗಲಿಲ್ಲ. ಇಬ್ಬರ ಮುಖವನ್ನೂ ನೋಡುತ್ತಿದ್ದರು. ಮಾರ್ಕೆಟ್ಟಿನಲ್ಲಿ ಹೂವಿನ ಬೆಲೆ ಕೇಳಿದಷ್ಟೇ ಸಹಜವಾಗಿ, "ಅಳು ಬತ್ತದಾ?" ಎಂದು ಕೇಳಿದರು.

ಪವಿತ್ರ ಮೆಟ್ಟಿಲ ಬಾಗಿಲ ಕಡೆ ಒಮ್ಮೆ ನೋಡಿದಳು. "ಬತ್ತದೆ ಅತ್ತೆ. ಮೊದಲನೇ ವರ್ಷ ಬಾಳ ಬತ್ತಿತ್ತು. ಈಗ್ಲೂ ಊರಿಂದ ವಾಪಸ್ ಬಂದ ದಿನ ಬತ್ತದೆ."

"ಎಲ್ಲಿ ಅಳ್ತೀರಿ?"

"ಇಲ್ಲೇ. ಬಟ್ಟೆ ಒಣಗಾಕೋ ನೆಪದಲ್ಲಿ ಬರ್ತೀವಿ."

"ಒಬ್ಳು ಅಳುವಾಗ ಇನ್ನೊಬ್ಳು?"

"ಬಕೆಟ್ ಹಿಡ್ಕೊಂಡು ನಿಂತಿರ್ತೀನಿ" ಅಂದಳು ಶಾಹೀನಾ. "ಅವಳು ಮುಗಿಸಿದ ಮೇಲೆ ಟೀ ಕುಡಿಯೋಕೆ ಹೋಗ್ತೀವಿ."

"ಬುಟ್ಟು ಹೋಗ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸಿತ್ತು" ಅಂದಳು ಪವಿತ್ರ. "ಹೋಗ್ಲಿಲ್ಲ. ಹೋದ ಸೆಮಿಸ್ಟರಲ್ಲಿ ಕ್ಲಾಸಿಗೇ ಮೂರನೆಯವಳು ನಾನು." ಆ ಕೊನೆಯ ಮಾತು ಹೇಳುವಾಗ ಅವಳ ತಲೆ ಎತ್ತಿದ್ದು ನನಗೆ ಇಷ್ಟವಾಯಿತು.

ಅತ್ತೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ಈಗ ತೀರ್ಪು ಬರುತ್ತದೆ ಅಂದುಕೊಂಡೆ. ಅವರು ನನ್ನ ಕಡೆ ತಿರುಗಲಿಲ್ಲ, ರೂಪಳನ್ನು ಹತ್ತಿರ ಕರೆದರು.

"ಬಾ ಇಲ್ಲಿ. ನಾನು ಮನೆ ನೋಡ್ದೆ. ನನ್ನ ಕೆಲಸ ಆಯ್ತು. ನಿಂಗೆ ಒಪ್ಪಿಗೆನಾ?"

ರೂಪ ತಲೆ ತಗ್ಗಿಸಿದಳು. ನಮ್ಮ ಕಡೆ ಹೆಣ್ಣು ತಲೆ ತಗ್ಗಿಸಿದರೆ ಒಪ್ಪಿದಳು ಎಂದೇ ಲೆಕ್ಕ, ಅದರ ಮೇಲೆ ತಾಂಬೂಲವೂ ಬದಲಾಗಿಹೋಗುತ್ತದೆ. ನಾನೂ ಹಾಗೇ ತಿಳಿದು, "ಆಯ್ತಲ್ಲ ಅತ್ತೆ" ಅನ್ನಲು ಹೊರಟೆ. ಅತ್ತೆ ಕೈ ಎತ್ತಿ ನನ್ನನ್ನು ತಡೆದರು.

"ತಲೆ ಬಗ್ಗಿಸ್ಬ್ಯಾಡ. ನಿಮ್ಮಕ್ಕ ಬೇಕು ಅಂತಾಳೆ, ನಿಮ್ಮಪ್ಪ ಹೆದರ್ತಾನೆ, ನಾನು ಹಿತ್ಲು ನೋಡ್ತೀನಿ. ಇರೋಳು ನೀನು. ಬಾಯ್ ಬುಟ್ಟು ಹೇಳು. ಬ್ಯಾಡ ಅಂದ್ರೂ ಸರಿಯೇ, ನಾನು ಕೆಟ್ಟೋಳಾಯ್ತೀನಿ."

ಸೀಟು ಬಂದ ದಿನದಿಂದ ನಾನು ಅಪ್ಪನ ಹತ್ತಿರ ವಾದ ಮಾಡಿದ್ದೆ, ಕಾಲೇಜಿಗೆ ಫೋನ್ ಮಾಡಿದ್ದೆ, ಪಿ.ಜಿ. ಹುಡುಕಿದ್ದೆ. ಈ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಹಗ್ಗದ ಮೇಲಿನ ಬೆಡ್‌ಶೀಟು ಗಾಳಿಗೆ ಪಟಪಟ ಅನ್ನುತ್ತಿತ್ತು. "ಹೆದರಿಕೆ ಅದೆ ಅತ್ತೆ" ಅಂದಳು ರೂಪ. ಆಮೇಲೆ ತಲೆ ಎತ್ತಿ, "ಆದ್ರೂ ಬತ್ತೀನಿ. ನಂಗೆ ಓದಬೇಕು. ಅಕ್ಕ ಹೇಳ್ತಾಳೆ ಅಂತಲ್ಲ" ಅಂದಳು.

"ಅಷ್ಟು ಸಾಕು" ಅಂದರು ಅತ್ತೆ.

ಕೆಳಗೆ ಬಂದಾಗ ಪಿ.ಜಿ. ನಡೆಸುವಾಕೆ ಮಧ್ಯಾಹ್ನದ ಚಿತ್ರಾನ್ನ ಇದೆ, ಸ್ವಲ್ಪ ತಿನ್ನಿ ಎಂದು ಉಪಚಾರಕ್ಕೆ ಹೇಳಿದರು. ಬೇಡ ಅನ್ನುತ್ತಾರೆಂದೇ ಅವರು ಹೇಳಿದ್ದಿರಬೇಕು. ಅತ್ತೆ ಕೈ ತೊಳೆದು ಕೂತು, ಎರಡು ಸಲ ಹಾಕಿಸಿಕೊಂಡು ಉಂಡರು. "ಉಪ್ಪು ಒಂಚೂರು ಕಮ್ಮಿ" ಎಂದು ಹೇಳುವುದನ್ನು ಮರೆಯಲಿಲ್ಲ.

ಸ್ಯಾಟಲೈಟ್ ನಿಲ್ದಾಣದಿಂದ ಅಪ್ಪನಿಗೆ ಫೋನ್ ಮಾಡಿದೆ. ಅತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಗದ್ದಲಕ್ಕೆ ಸ್ಪೀಕರ್ ಹಾಕಿದ್ದರಿಂದ ಎರಡೂ ಕಡೆಯ ಮಾತು ಕೇಳುತ್ತಿತ್ತು.

"ಲೇ ಮಾದೇವ, ನೋಡ್ದೆ ಕಣ್ಲಾ."

"ಏನಂದೆ ಅಕ್ಕ?"

"ನಾನೇನೂ ಅನ್ಲಿಲ್ಲ. ಅವ್ಳು ಅಂದ್ಳು."

ಅಪ್ಪ ಒಲೆಗೆ ಸೌದೆ ತಳ್ಳುವ ಸದ್ದು ಕೇಳಿಸಿತು. "ಅವಳ್ಗೆ ಕೊಡು" ಅಂದರು. ರೂಪ ಫೋನ್ ಹಿಡಿದಳು. "ಅಲ್ಲಿ ಚಳಿ ಎಂಗದೆ ಮಗ?" ಎಂದು ಅಪ್ಪ ಕೇಳಿದರು. "ಅದೆ ಕಣಪ್ಪ, ತಡ್ಕೋಬೌದು" ಅಂದಳು. "ಮಂಗಳವಾರ ಸೊಪ್ಪು ಇಳಿಸಿಬುಡ್ತೀನಿ. ಬುಧವಾರ ನಾನೇ ಬತ್ತೀನಿ ನಿನ್ ಜೊತೆ" ಅಂದು ಇಟ್ಟರು.

ಐದೂವರೆಯ ಬಸ್ಸು. ಕೆಂಗೇರಿ ದಾಟುವವರೆಗೂ ಗಾಡಿಗಳ ಸಾಲು, ಆಮೇಲೆ ರಸ್ತೆ ಖಾಲಿಯಾಯಿತು. ರೂಪ ಕಿಟಕಿಗೆ ಹಣೆ ಒತ್ತಿ ಹಿಂದಕ್ಕೆ ನೋಡುತ್ತಿದ್ದಳು. ರಾಮನಗರದ ಬೆಟ್ಟಗಳು ಕಪ್ಪಾಗುತ್ತಿದ್ದಾಗ ಅತ್ತೆಯ ಫೋನು ಹೊಡೆದುಕೊಂಡಿತು. ಅವರ ಗಂಡನ ಕಡೆಯ ನೆಂಟರು. ಬರುವ ವಾರ ಸಾಲಿಗ್ರಾಮದ ಹತ್ತಿರ ಒಂದು ಗಂಡಿನ ಮನೆ ನೋಡಬೇಕು, ಯಾವ ದಿನ ಬಿಡುವು ಎಂದು ಕೇಳುತ್ತಿದ್ದರು.

"ಗುರುವಾರ ಬತ್ತೀನಿ" ಅಂದರು ಅತ್ತೆ. "ಹುಡುಗೀನೂ ಹೊರಡ್ಸಿ."

ಆ ಕಡೆಯಿಂದ ಗಂಡಸಿನ ದನಿ ಏರಿತು. ಮಾತು ಸರಿಯಾಗಿ ಕೇಳಿಸದಿದ್ದರೂ ಹೆಣ್ಣನ್ನು ಕರೆದುಕೊಂಡು ಹೋಗುವುದು ಎಲ್ಲಿದೆ, ಜನ ಏನಂದಾರು ಅನ್ನುವುದು ತಿಳಿಯುತ್ತಿತ್ತು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಅಂಗಾರೆ ನಾನೂ ಬರಕಿಲ್ಲ ಬುಡಪ್ಪ. ಬ್ಯಾರೆ ಯಾರ್ನಾರ ನೋಡ್ಕಳಿ" ಅಂದು ಫೋನನ್ನು ಮಡಿಲಲ್ಲಿಟ್ಟುಕೊಂಡರು.

ಅದು ಬಿಡದೆ ಮತ್ತೆ ಮತ್ತೆ ಹೊಡೆದುಕೊಂಡಿತು. ಅವರು ಆತುರಪಡಲಿಲ್ಲ. ಚನ್ನಪಟ್ಟಣ ಬರುವ ಮೊದಲು, ನಾಲ್ಕನೆಯ ಸಲ ಎತ್ತಿದರು. ಈ ಸಲ ಆ ಕಡೆ ಇದ್ದದ್ದು ಹೆಣ್ಣು ದನಿ, ಚಿಕ್ಕ ವಯಸ್ಸಿನದು.

"ಊಂ ಮಗ" ಅಂದರು ಅತ್ತೆ. "ಗುರುವಾರ ಬೆಳಿಗ್ಗೆ ಏಳಕ್ಕೆ ರೆಡಿಯಾಗಿರು."